ಮದುವೆ ಮುಯ್ಯಿ: ಎಷ್ಟು ಹಾಕಬೇಕು, ಹೇಗೆ ಪಡೆಯಬೇಕು, ಹೇಗೆ ಬರೆದಿಡಬೇಕು

ಆಷಾಢ ಕಳೆದು ಶ್ರಾವಣ ಬಂತು ಅಂದರೆ ಸಾಕು, ಟಿವಿ ಪಕ್ಕದಲ್ಲಿ ಕರೆಯೋಲೆಗಳು ಒಂದರ ಮೇಲೊಂದು ಸೇರತೊಡಗುತ್ತವೆ. ಅದರ ಹಿಂದೆಯೇ ಅವೇ ಪ್ರಶ್ನೆಗಳೂ ಬರುತ್ತವೆ. ಎಷ್ಟು ಹಾಕಬೇಕು? ದುಡ್ಡು ಕೊಡೋದು ಒಳ್ಳೆಯದಾ, ವಸ್ತುವಾ? ಬಂದ ಮುಯ್ಯಿಗೆ ಟ್ಯಾಕ್ಸ್ ಕಟ್ಟಬೇಕಾ? ಹುಡುಗಿಗೆ ಹಾಕಿದ ಒಡವೆ ಕಡೆಗೆ ಯಾರದು? ಇಪ್ಪತ್ತು ವರ್ಷದ ಹಿಂದೆ ನಮಗೆ ಉಂಗುರ ಹಾಕಿದವರ ಮಗನ ಮದುವೆಗೆ ಈಗ ಏನು ಕೊಡಬೇಕು? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆದಿದ್ದೇನೆ. ಕೊಡುವವರಿಗೆ ಐದು ಹಂತ, ಮದುವೆ ಮನೆಯವರಿಗೆ ಏಳು. ನಿಮಗೆ ಬೇಕಾದ ಕಡೆಯಿಂದ ಓದಿ. ಆದರೆ ಏಳು ಮತ್ತು ಒಂಬತ್ತನೇ ಹಂತವನ್ನು ಮಾತ್ರ ದಯವಿಟ್ಟು ಯಾರೂ ಬಿಡಬೇಡಿ.

ಮೊದಲು ನಾಲ್ಕು ಮಾತಿನ ಅರ್ಥ

ಮುಯ್ಯಿ ಅಂದರೆ ಮದುವೆ ಮನೆಗೆ ನೆಂಟರು, ಸ್ನೇಹಿತರು ಕೊಡುವ ದುಡ್ಡು ಅಥವಾ ವಸ್ತು. ಮುಂದೆ ನಮ್ಮ ಮನೆಯಲ್ಲಿ ಕಾರ್ಯ ಆದಾಗ ಅದು ವಾಪಸ್ ಬರುತ್ತದೆ ಅನ್ನುವ ನಂಬಿಕೆ ಈ ಪದದೊಳಗೇ ಇದೆ. ಹಳೇ ಮೈಸೂರಿನ ಕಡೆ ಮುಯ್ಯಿ ಹಾಕುವುದು, ಓದಿಸುವುದು ಅನ್ನುತ್ತಾರೆ. ಉತ್ತರ ಕರ್ನಾಟಕದ ಕಡೆ ಆಹೇರ, ಆಯೇರಿ ಅನ್ನುವ ಮಾತಿದೆ, ಅಲ್ಲಿ ಬಟ್ಟೆ ಕೊಡುವುದಕ್ಕೆ ಹೆಚ್ಚು ಮಹತ್ವ.

ಮುಯ್ಯಿ ಪುಸ್ತಕ ಅಂದರೆ ಯಾರು ಏನು ಕೊಟ್ಟರು ಅಂತ ಬರೆದಿಡುವ ನೋಟ್‌ಬುಕ್. ಸ್ತ್ರೀಧನ ಅಂದರೆ ಮದುವೆಗೆ ಮುಂಚೆ, ಮದುವೆಯಲ್ಲಿ ಮತ್ತು ಆಮೇಲೆ ಹೆಣ್ಣಿಗೆ ಅಂತಲೇ ಬಂದ ಒಡವೆ, ದುಡ್ಡು, ಸಾಮಾನು. ವರದಕ್ಷಿಣೆ ಅಂದರೆ ಮದುವೆಯ ಕಾರಣಕ್ಕೆ ಕೇಳಿ ಪಡೆದದ್ದು, ಇಲ್ಲವೇ ಕೊಡುತ್ತೇವೆ ಅಂತ ಒಪ್ಪಿ ಕೊಟ್ಟದ್ದು. ಕೊನೆಯ ಎರಡು ಮಾತು ಕಾನೂನಿಗೆ ಸೇರಿದವು, ಮುಂದೆ ಮತ್ತೆ ಬರುತ್ತವೆ.

ಏನೇನು ಬೇಕು

ಕೊಡುವವರಿಗೆ: ನಿಮ್ಮ ಮನೆಯ ಹಳೇ ಮುಯ್ಯಿ ಪುಸ್ತಕ, ಒಂದು ಕವರ್, ಒಂದು ಪೆನ್ನು. ಪಡೆಯುವವರಿಗೆ: ಗಟ್ಟಿ ರಟ್ಟಿನ 200 ಪುಟದ ನೋಟ್‌ಬುಕ್, ಎರಡು ಪೆನ್ನು, ಬೀಗ ಹಾಕುವ ಪೆಟ್ಟಿಗೆ ಅಥವಾ ಬ್ಯಾಗು, ಮತ್ತು ನಂಬಿಕೆಯ ಇಬ್ಬರು ಮನುಷ್ಯರು. ಬಿಡಿ ಹಾಳೆ ಬೇಡ. ಛತ್ರ ಖಾಲಿ ಮಾಡುವ ಗಡಿಬಿಡಿಯಲ್ಲಿ ಮೊದಲು ಕಳೆದುಹೋಗುವುದೇ ಅದು.

ಕೊಡುವವರಿಗೆ

1. ಹಳೇ ಪುಸ್ತಕ ತೆಗೆದು ನೋಡಿ

ಎಷ್ಟು ಹಾಕಬೇಕು ಅಂತ ಊರೆಲ್ಲ ಕೇಳುವುದಕ್ಕೆ ಮುಂಚೆ ಬೀರುವಿನಲ್ಲಿರುವ ಪುಸ್ತಕ ತೆಗೆಯಿರಿ. ಆ ಮನೆಯವರು ನಿಮ್ಮ ಮದುವೆಗೆ, ನಿಮ್ಮ ಅಕ್ಕನ ಮದುವೆಗೆ, ಗೃಹಪ್ರವೇಶಕ್ಕೆ ಏನು ಹಾಕಿದ್ದರು ನೋಡಿ. ಪುಸ್ತಕ ಇಲ್ಲದಿದ್ದರೆ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಅವರಿಗೆ ನೆನಪಿರುತ್ತದೆ. ಕೇಳಿದ್ದನ್ನು ಆಗಲೇ ಒಂದು ಕಡೆ ಬರೆದುಕೊಳ್ಳಿ. ಅವರ ನೆನಪಿನಲ್ಲಿ ಇರುವುದು ಬೇರೆ ಎಲ್ಲೂ ಬರೆದಿರುವುದಿಲ್ಲ.

ಹಳೇ ಮೊತ್ತ ನೋಡಿ ಅಷ್ಟನ್ನೇ ಹಾಕುವುದು ತಪ್ಪು. 1998ರಲ್ಲಿ 101 ರೂಪಾಯಿ ಹಾಕಿದವರು ಅವತ್ತಿನ ಲೆಕ್ಕಕ್ಕೆ ಧಾರಾಳವಾಗಿಯೇ ಹಾಕಿದ್ದರು. ಇವತ್ತು ಅದೇ 101 ವಾಪಸ್ ಕೊಟ್ಟರೆ ಲೆಕ್ಕ ತೀರಿತು ಅನ್ನಬಹುದು, ಆದರೆ ಅವರಿಗೆ ನೋವಾಗುತ್ತದೆ. ಹಾಕಿಸಿಕೊಂಡಿದ್ದಕ್ಕಿಂತ ಜಾಸ್ತಿ ಹಾಕಬೇಕು ಅನ್ನುವ ಹಿರಿಯರ ಪದ್ಧತಿ ಬಂದಿರುವುದೂ ಇದೇ ಕಾರಣಕ್ಕೆ.

ಚಿನ್ನದ ವಿಷಯದಲ್ಲಿ ಜಗಳ ಜಾಸ್ತಿ. ಅವರು ಆಗ 2 ಗ್ರಾಂ ಉಂಗುರ ಹಾಕಿದ್ದರು, ಈಗ ಆ 2 ಗ್ರಾಂಗೆ ಹತ್ತಾರು ಪಟ್ಟು ದುಡ್ಡು ಬೇಕು. ಗ್ರಾಂಗೆ ಗ್ರಾಂ ಕೊಡಬೇಕಾ, ಅವತ್ತಿನ ಬೆಲೆ ಕೊಟ್ಟರೆ ಸಾಕಾ? ನನ್ನ ಅಭಿಪ್ರಾಯದಲ್ಲಿ ಕೈಲಾದರೆ ಗ್ರಾಂಗೆ ಗ್ರಾಂ ಕೊಡುವುದೇ ನ್ಯಾಯ, ಯಾಕೆಂದರೆ ಅವರು ಕೊಟ್ಟಿದ್ದು ದುಡ್ಡಲ್ಲ, ಚಿನ್ನ, ಮತ್ತು ಆ ಚಿನ್ನ ಇಷ್ಟು ವರ್ಷ ನಿಮ್ಮ ಮನೆಯಲ್ಲೇ ಇತ್ತು. ಆಗದಿದ್ದರೆ ಆಗುವುದಿಲ್ಲ. ಅರ್ಧ ಗ್ರಾಂ ಕೊಡಿ, ಬೆಳ್ಳಿ ಕೊಡಿ, ದುಡ್ಡೇ ಕೊಡಿ. ಆದರೆ ಮದುವೆಗೆ ಒಂದು ವಾರ ಮುಂಚೆ ಮನೆಗೆ ಹೋಗಿ, ಕೂತು, "ನೀವು ಉಂಗುರ ಹಾಕಿದ್ದಿರಿ, ನನಗೆ ನೆನಪಿದೆ, ಈಗ ಇಷ್ಟೇ ಆಗುತ್ತೆ" ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಮಾತಿಗೆ ನೀವು ಕೊಡುವ ವಸ್ತುವಿಗಿಂತ ಜಾಸ್ತಿ ಬೆಲೆ ಇದೆ.

2. ಮೊತ್ತ ಗಟ್ಟಿ ಮಾಡಿಕೊಳ್ಳಿ

ಮೂರು ವಿಷಯ ನೋಡಿ: ಸಂಬಂಧ ಎಷ್ಟು ಹತ್ತಿರ, ಅವರು ನಮಗೆ ಏನು ಹಾಕಿದ್ದರು, ಈ ತಿಂಗಳು ನಮ್ಮ ಕೈಲಿ ಎಷ್ಟಿದೆ. ಮೂರನೆಯದಕ್ಕೆ ಹೆಚ್ಚು ತೂಕ ಕೊಡಿ. ಸಾಲ ಮಾಡಿ ಮುಯ್ಯಿ ಹಾಕಬೇಡಿ. ಒಂದೇ ತಿಂಗಳಲ್ಲಿ ಎಂಟು ಮದುವೆ ಇದ್ದರೆ ಮೊದಲೇ ಎಂಟು ಕರೆಯೋಲೆಯನ್ನೂ ಮುಂದಿಟ್ಟುಕೊಂಡು ಒಟ್ಟು ಇಷ್ಟು ಅಂತ ತೆಗೆದಿಟ್ಟು ಆಮೇಲೆ ಹಂಚಿ. ಇಲ್ಲದಿದ್ದರೆ ಮೊದಲ ಎರಡು ಮದುವೆಗೆ ಕೈಬಿಚ್ಚಿ ಹಾಕಿ, ಕೊನೆಯ ಸ್ವಂತ ಚಿಕ್ಕಪ್ಪನ ಮಗಳ ಮದುವೆಗೆ ಕೈ ಕಟ್ಟಿಹೋಗುತ್ತದೆ.

501, 1001, 2001 ಅಂತ ಒಂದು ರೂಪಾಯಿ ಸೇರಿಸುವುದು ನಮ್ಮ ರೂಢಿ. ಸೊನ್ನೆಯಲ್ಲಿ ಮುಗಿದರೆ ಲೆಕ್ಕ ಮುಗಿದಂತೆ, ಒಂದು ಸೇರಿದರೆ ಸಂಬಂಧ ಮುಂದುವರಿದಂತೆ ಅಂತ ಹಿರಿಯರು ಹೇಳುತ್ತಾರೆ. ಆಫೀಸಿನ ಪರಿಚಯ ಮಾತ್ರ ಇದ್ದರೆ ನಾಲ್ಕೈದು ಜನ ಸೇರಿ ಒಂದೇ ಒಳ್ಳೆಯ ಉಡುಗೊರೆ ಕೊಡಿ. ಬಿಡಿಬಿಡಿಯಾಗಿ ಐದು ಗೋಡೆ ಗಡಿಯಾರ ಕೊಡುವುದಕ್ಕಿಂತ ಅದು ಎಷ್ಟೋ ಮೇಲು. ಕರೆಯೋಲೆಯಲ್ಲಿ "ಉಡುಗೊರೆ ಸ್ವೀಕರಿಸುವುದಿಲ್ಲ" ಅಂತ ಹಾಕಿದ್ದರೆ ಆ ಮಾತನ್ನು ಗೌರವಿಸಿ. ಬಲವಂತವಾಗಿ ಕವರ್ ತುರುಕಬೇಡಿ, ಹೂವೋ ಹಣ್ಣೋ ಹಿಡಿದುಕೊಂಡು ಹೋದರೆ ಸಾಕು.

3. ದುಡ್ಡೋ, ವಸ್ತುವೋ

ಹೊಸ ಸಂಸಾರ ಹೂಡುವವರಿಗೆ ದುಡ್ಡು ಕೊಡುವುದರಲ್ಲಿ ಸಣ್ಣತನ ಏನೂ ಇಲ್ಲ. ಮನೆ ಅಡ್ವಾನ್ಸ್, ಗ್ಯಾಸ್, ಹಾಸಿಗೆ ಅಂತ ಆ ತಿಂಗಳು ಖರ್ಚು ಒಂದೇ ಸಮ ಬರುತ್ತದೆ. ಹತ್ತಿರದವರಾದರೆ "ನಿಮಗೆ ಏನು ಬೇಕು?" ಅಂತ ನೇರವಾಗಿ ಕೇಳಿಬಿಡಿ. ಮಿಕ್ಸಿಯನ್ನು ಅತ್ತೆ ಕೊಡುತ್ತಾರಂತೆ, ಕುಕ್ಕರ್ ಇನ್ನೂ ಯಾರೂ ಹೇಳಿಲ್ಲ ಅಂತ ಗೊತ್ತಾದರೆ ಎಲ್ಲರಿಗೂ ಅನುಕೂಲ ಅಲ್ವಾ.

ವಸ್ತು ಕೊಡುವುದಾದರೆ ಬಿಲ್ಲು ಮತ್ತು ವಾರಂಟಿ ಕಾರ್ಡನ್ನು ಡಬ್ಬದ ಒಳಗೇ ಇಡಿ. ಬೆಲೆ ಕಾಣಬಾರದು ಅಂತ ಬಿಲ್ಲು ಹರಿದುಹಾಕುವವರಿದ್ದಾರೆ. ಆರು ತಿಂಗಳಲ್ಲಿ ಗ್ರೈಂಡರ್ ಕೆಟ್ಟರೆ ಬಿಲ್ಲಿಲ್ಲದೆ ವಾರಂಟಿ ಕೇಳುವುದು ಕಷ್ಟ. ಸಂಕೋಚ ಆದರೆ ಬಿಲ್ಲನ್ನು ಬೇರೆ ಕವರಿನಲ್ಲಿ ಹಾಕಿ ಅಂಟಿಸಿ. ಇನ್ನೊಂದು ಮಾತು, ಮಂಟಪಕ್ಕೆ ಹೊರಲಾಗದಷ್ಟು ದೊಡ್ಡದನ್ನು ತರಬೇಡಿ. ಬೀರು, ಮಂಚದಂಥದ್ದನ್ನು ಮದುವೆ ಮುಗಿದ ಮೇಲೆ ಮನೆಗೇ ಕಳಿಸುವ ಏರ್ಪಾಡು ಮಾಡಿ.

ಸ್ಟೀಲ್, ಹಿತ್ತಾಳೆ ಪಾತ್ರೆ ಕೊಡುವವರು ಅಂಗಡಿಯಲ್ಲೇ ಹೆಸರು ಹಾಕಿಸುತ್ತಾರೆ. ಅಂಗಡಿ ಹುಡುಗ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು, ಪೆನ್ನಿನಂಥ ಮೆಷಿನ್ ಹಿಡಿದು, ಗುರ್ರ್ ಅನ್ನಿಸುತ್ತಾ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತಾನೆ. ನಲವತ್ತು ವರ್ಷ ಉಜ್ಜಿದರೂ ಆ ಅಕ್ಷರ ಮಾಸುವುದಿಲ್ಲ. ನಮ್ಮ ಅಡುಗೆಮನೆಯ ಒಂದು ತಂಬಿಗೆಯ ಕುತ್ತಿಗೆ ಹತ್ತಿರ ಈಗಲೂ ನಮ್ಮಜ್ಜಿಯ ತಮ್ಮನ ಹೆಸರು, ಊರು, ಮದುವೆಯ ತಾರೀಖು ಇದೆ. ನೀರು ತುಂಬುವಾಗ ಹೆಬ್ಬೆರಳಿಗೆ ಸಿಗುತ್ತದೆ. ಹಾಕಿಸುವುದಾದರೆ ಮೊದಲು ಹೆಸರನ್ನು ಚೀಟಿಯಲ್ಲಿ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ. ಕೊರೆದ ಮೇಲೆ ತಪ್ಪು ತಿದ್ದಲಾಗುವುದಿಲ್ಲ, ಅಂಗಡಿಯವರು ಬದಲಾಯಿಸಿಯೂ ಕೊಡುವುದಿಲ್ಲ.

4. ಚಿನ್ನ, ಬೆಳ್ಳಿ ಕೊಡುವುದಾದರೆ

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿರುವ ಚಿನ್ನದ ಒಡವೆಯನ್ನು ಎಚ್‌ಯುಐಡಿ ಇಲ್ಲದೆ ಅಂಗಡಿಯವರು ಮಾರುವ ಹಾಗಿಲ್ಲ. ಎಚ್‌ಯುಐಡಿ ಅಂದರೆ ಆ ಒಂದೇ ಒಡವೆಗೆ ಸೇರಿದ, ಅಂಕಿ ಮತ್ತು ಇಂಗ್ಲಿಷ್ ಅಕ್ಷರ ಬೆರೆತ ಆರು ಚಿಹ್ನೆಯ ಗುರುತು. ಒಡವೆಯ ಮೇಲೆ ಮೂರು ಗುರುತು ಇರಬೇಕು: ಬಿಐಎಸ್ (ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಮುದ್ರೆ, ಶುದ್ಧತೆ, ಎಚ್‌ಯುಐಡಿ. ಶುದ್ಧತೆಯಲ್ಲಿ 916 ಅಂದರೆ 22 ಕ್ಯಾರೆಟ್, 750 ಅಂದರೆ 18 ಕ್ಯಾರೆಟ್. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು, ಅಂಗಡಿಯಲ್ಲೇ ನಿಂತು, ಆ ಆರು ಚಿಹ್ನೆ ಹಾಕಿ ನೋಡಿ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಹಾಗಾಗಿ ಸಣ್ಣ ಉಂಗುರ, ಮೂಗುಬೊಟ್ಟು ತರುವಾಗ ಗೊತ್ತಿರುವ ಅಂಗಡಿಗೇ ಹೋಗಿ.

ಜನ ಎಡವುವುದು ತೂಕದಲ್ಲಿ. ಕಲ್ಲು ಹಾಕಿದ ಒಡವೆಯಾದರೆ ಕಲ್ಲಿನ ತೂಕ ಕಳೆದು ಚಿನ್ನ ಎಷ್ಟು ಅಂತ ಬಿಲ್ಲಿನಲ್ಲಿ ಬೇರೆ ಬರೆಸಿ. ಮಜೂರಿಯನ್ನೂ ಬೇರೆ ಬರೆಸಿ. ಮಜೂರಿ ಅಂದರೆ ಒಡವೆ ಮಾಡಿದ ಕೂಲಿ, ಮುಂದೆ ಮಾರುವಾಗ ಅದು ವಾಪಸ್ ಸಿಗುವುದಿಲ್ಲ. ಈ ಬಿಲ್ಲಿನ ಒಂದು ನಕಲು ಮದುಮಗಳಿಗೋ ಮದುಮಗನಿಗೋ ಸೇರಬೇಕು. ಮುಂದೆ ಮಾರುವುದು, ಅಡ ಇಡುವುದು, ತೆರಿಗೆ ಲೆಕ್ಕ, ಎಲ್ಲಕ್ಕೂ ಅದು ಬೇಕು.

5. ಕವರ್, ಯುಪಿಐ, ಚೆಕ್

ಒಂದು ರೂಪಾಯಿ ನಾಣ್ಯ ಅಂಟಿಸಿರುವ ರೆಡಿ ಕವರ್ ಎಲ್ಲ ಕಡೆ ಸಿಗುತ್ತದೆ. ಆದರೆ ಕವರಿನ ಮೇಲೆ "ಇಂತಿ ನಿಮ್ಮ ಮಂಜು" ಅಂತ ಬರೆದು ಕೊಟ್ಟರೆ ಮದುವೆ ಮನೆಯವರು ಏನು ಮಾಡಬೇಕು? ಅವರಿಗೆ ಗೊತ್ತಿರುವ ಮಂಜು ಐದು ಜನ ಇರುತ್ತಾರೆ. ಪೂರ್ತಿ ಹೆಸರು, ಊರು, ಯಾರ ಕಡೆಯವರು, ಇಷ್ಟು ಬರೆಯಿರಿ. "ಮಂಜುನಾಥ, ತಿಪಟೂರು, ಹುಡುಗನ ಅಪ್ಪನ ಆಫೀಸಿನವರು" ಅಂದರೆ ಮೂವತ್ತು ವರ್ಷ ಆದ ಮೇಲೂ ಅರ್ಥವಾಗುತ್ತದೆ. ಒಳಗೆ ಒಂದು ಚೀಟಿಯಲ್ಲೂ ಹೆಸರು ಬರೆದು ಹಾಕಿ, ಯಾಕೆಂದರೆ ಕವರ್ ಒಂದು ಕಡೆ ದುಡ್ಡು ಒಂದು ಕಡೆ ಆಗುವುದು ಬಹಳ ಸಲ ನಡೆಯುತ್ತದೆ. ನೋಟಿಗೆ ಪಿನ್ ಹೊಡೆಯಬೇಡಿ, ನೋಟಿನ ಮೇಲೆ ಬರೆಯಲೂಬೇಡಿ.

ಯುಪಿಐನಲ್ಲಿ ಕಳಿಸುವುದಾದರೆ ಕಳಿಸುವ ಮುಂಚೆ ಪರದೆಯ ಮೇಲೆ ಬರುವ ಹೆಸರು ಓದಿ, ಮೊದಲು 1 ರೂಪಾಯಿ ಕಳಿಸಿ ಕೇಳಿ, ಆಮೇಲೆ ಪೂರ್ತಿ ಕಳಿಸಿ. ಟಿಪ್ಪಣಿ ಬರೆಯುವ ಜಾಗದಲ್ಲಿ "ಮದುವೆ ಉಡುಗೊರೆ" ಅಂತ ಹಾಕಿ. ಇದು ಮುಂದೆ ಅವರ ತೆರಿಗೆ ಲೆಕ್ಕಕ್ಕೂ ಸಹಾಯ. ಚೆಕ್ ಆದರೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರುವ ಹೆಸರನ್ನೇ ಬರೆಯಿರಿ. ಮದುವೆಯಾಯಿತು ಅಂತ ಹುಡುಗಿಯ ಹೆಸರಿಗೆ ಗಂಡನ ಹೆಸರು ಸೇರಿಸಿ ಬರೆದರೆ ಬ್ಯಾಂಕಿನವರು ವಾಪಸ್ ಕಳಿಸಬಹುದು. ಚೆಕ್ ಬರೆದ ತಾರೀಖಿನಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ ಅನ್ನುವುದನ್ನೂ ಅವರ ಕಿವಿಗೆ ಹಾಕಿ. ಮದುವೆಗೆ ಹೋಗಲಾಗದಿದ್ದರೆ ನೋಟನ್ನು ಕವರಿನಲ್ಲಿಟ್ಟು ಕೊರಿಯರ್ ಮಾಡಬೇಡಿ, ಹೋಗುವವರ ಕೈಲಿ ಕಳಿಸಿ.

ಇಲ್ಲೇ ಒಂದು ಎಚ್ಚರಿಕೆ. ವಾಟ್ಸಾಪಿನಲ್ಲಿ ಕರೆಯೋಲೆ ಅಂತ ಗೊತ್ತಿಲ್ಲದ ನಂಬರಿನಿಂದ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಎಪಿಕೆ ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು. ಕರೆಯೋಲೆ ಫೋಟೋ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ವಿಡಿಯೋ ಆಗಿ ಬರುತ್ತದೆ. ಆ್ಯಪ್ ಆಗಿ ಬರಬೇಕಾದ ಅಗತ್ಯವೇ ಇಲ್ಲ. ಅದನ್ನು ಹಾಕಿಕೊಂಡರೆ ನಿಮ್ಮ ಮೆಸೇಜು, ಒಟಿಪಿ ಎಲ್ಲ ಕಳ್ಳರ ಕೈಗೆ ಹೋಗಬಹುದು. ದುಡ್ಡು ಹೋಯಿತು ಅಂತ ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಪಡೆಯುವವರಿಗೆ

6. ಕರೆಯೋಲೆ ಅಚ್ಚು ಹಾಕಿಸುವ ಮುಂಚೆಯೇ ತೀರ್ಮಾನ ಮಾಡಿ

ಮುಯ್ಯಿ ತೆಗೆದುಕೊಳ್ಳುತ್ತೀರಾ, ಇಲ್ಲವಾ? ಎರಡೂ ಮನೆಯವರು ಕೂತು ಮಾತಾಡಿ. ಬೇಡ ಅಂದರೆ ಸ್ಪಷ್ಟವಾಗಿ ಅಚ್ಚು ಹಾಕಿಸಿ. "ಆಶೀರ್ವಾದವೇ ಉಡುಗೊರೆ" ಅಂತ ಬರೆದರೆ ಅರ್ಧ ಜನ ಅದನ್ನು ಬರೀ ಮರ್ಯಾದೆಯ ಮಾತು ಅಂದುಕೊಂಡು ಕವರ್ ತಂದೇ ತರುತ್ತಾರೆ. ಹಾಗೆ ತಂದಾಗ ಒಬ್ಬರ ಹತ್ತಿರ ತೆಗೆದುಕೊಂಡು ಇನ್ನೊಬ್ಬರಿಗೆ ಬೇಡ ಅನ್ನಬಾರದು. ಒಂದೇ ನಿಯಮ ಇಟ್ಟುಕೊಳ್ಳಿ.

7. ಬರೆಯುವವರನ್ನು ಕೂರಿಸಿ

ಒಬ್ಬರು ಬರೆಯಲಿಕ್ಕೆ, ಒಬ್ಬರು ದುಡ್ಡು ಎಣಿಸಿ ಪೆಟ್ಟಿಗೆಗೆ ಹಾಕಲಿಕ್ಕೆ. ಒಬ್ಬರನ್ನೇ ಕೂರಿಸಬೇಡಿ. ಇದು ಅಪನಂಬಿಕೆಯ ಮಾತಲ್ಲ, ಲೆಕ್ಕ ಹೊಂದದಿದ್ದಾಗ ಆ ಒಬ್ಬರ ಮೇಲೆ ಸುಮ್ನೆ ಅಪವಾದ ಬರುತ್ತದೆ. ಊರಿನ ಜನ, ನೆಂಟರು ಇಬ್ಬರೂ ಗೊತ್ತಿರುವ, ಅಕ್ಷರ ನೆಟ್ಟಗಿರುವ ಸ್ವಲ್ಪ ವಯಸ್ಸಾದವರು ಒಬ್ಬರಿದ್ದರೆ ತುಂಬಾ ಒಳ್ಳೆಯದು. ಬಂದವರ ಮುಖ ನೋಡಿದ ಕೂಡಲೇ "ನೀವು ಇಂಥವರ ಮಗ ಅಲ್ವಾ" ಅಂತ ಕೇಳುವವರು ಬೇಕು. ಅವರಿಗೆ ಕೂತಲ್ಲೇ ಕಾಫಿ, ಊಟ ತಲುಪುವ ಹಾಗೆ ನೋಡಿಕೊಳ್ಳಿ, ಪಾಪ, ಎಲ್ಲರೂ ಅವರನ್ನು ಮರೆಯುತ್ತಾರೆ.

ಪುಸ್ತಕಕ್ಕೆ ಹಿಂದಿನ ದಿನವೇ ಗೆರೆ ಎಳೆದಿಡಿ. ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ, ಮದುವೆಯ ತಾರೀಖು, ಛತ್ರ, ಗಂಡು ಹೆಣ್ಣಿನ ಹೆಸರು ಬರೆಯಿರಿ. ಆಮೇಲೆ ಆರು ಅಂಕಣ: ಕ್ರಮಸಂಖ್ಯೆ, ಪೂರ್ತಿ ಹೆಸರು, ಊರು, ಸಂಬಂಧ, ಏನು ಕೊಟ್ಟರು, ಯಾರಿಗೆ ಕೊಟ್ಟರು. ಈ ಕೊನೆಯ ಅಂಕಣವನ್ನು ಬಹಳ ಜನ ಹಾಕುವುದೇ ಇಲ್ಲ. ಹುಡುಗಿಗಾ, ಹುಡುಗನಿಗಾ, ಇಬ್ಬರಿಗೂ ಸೇರಿಯಾ ಅನ್ನುವುದು ಅವತ್ತು ಕ್ಷುಲ್ಲಕ ಅನ್ನಿಸುತ್ತದೆ, ಆದರೆ ಮುಂದಿನ ಎಲ್ಲ ಹಂತವೂ ಅದರ ಮೇಲೆಯೇ ನಿಂತಿದೆ.

ಒಂದು ಸಾಲು ಹೀಗಿರಬೇಕು: "42. ಸರೋಜಮ್ಮ, ಕಡೂರು, ಹುಡುಗಿಯ ಸೋದರತ್ತೆ, ಬೆಳ್ಳಿ ಕುಂಕುಮದ ಬಟ್ಟಲು ಜೊತೆ, 60 ಗ್ರಾಂ, ಹುಡುಗಿಗೆ." ಬರೀ "ಸರೋಜಮ್ಮ, ಬೆಳ್ಳಿ" ಅಂತ ಬರೆದರೆ ಯಾವ ಪ್ರಯೋಜನವೂ ಇಲ್ಲ. ಡಬ್ಬ ಕಟ್ಟಿದ ಉಡುಗೊರೆಯ ಮೇಲೆ ಅದೇ ಕ್ರಮಸಂಖ್ಯೆಯನ್ನು ಮಾರ್ಕರಿನಲ್ಲಿ ಬರೆಯಿರಿ. ಆರತಕ್ಷತೆಯಲ್ಲಿ ಜನ ನೇರವಾಗಿ ವೇದಿಕೆಗೆ ಬಂದು ಗಂಡು ಹೆಣ್ಣಿನ ಕೈಗೇ ಕವರ್ ಕೊಡುತ್ತಾರೆ. ಅಲ್ಲೊಬ್ಬರು ಚೀಲ ಹಿಡಿದು ನಿಂತು ಇಸಿದುಕೊಳ್ಳಬೇಕು, ಹೆಸರಿಲ್ಲದ ಕವರ್ ಇದ್ದರೆ ಅಲ್ಲೇ ಕೇಳಿ ಪೆನ್ನಿನಲ್ಲಿ ಬರೆದುಬಿಡಬೇಕು.

ಕೆಲವು ಕಡೆ ಮೈಕಿನಲ್ಲಿ "ಇಂಥವರಿಂದ ಇಷ್ಟು ಮುಯ್ಯಿ" ಅಂತ ಕೂಗುತ್ತಾರೆ. ದಯವಿಟ್ಟು ನಿಲ್ಲಿಸಿ. ಹೆಸರು ಕೂಗಿ, ಮೊತ್ತ ಬೇಡ. ನೂರು ರೂಪಾಯಿ ಹಾಕಿದವರು ಅವತ್ತಿನ ಕೂಲಿ ಬಿಟ್ಟು ಬಂದಿರುತ್ತಾರೆ, ಎಲ್ಲರ ಮುಂದೆ ಅವರ ತಲೆ ತಗ್ಗುವ ಹಾಗೆ ಮಾಡಬಾರದು.

8. ಅದೇ ರಾತ್ರಿ ಎಣಿಸಿ

ಎಷ್ಟೇ ಸುಸ್ತಾಗಿರಲಿ, ಅದೇ ರಾತ್ರಿ ಅಥವಾ ಮರುದಿನ ಬೆಳಗ್ಗೆ ಮನೆಯ ಮೂರು ನಾಲ್ಕು ಜನ ಕೂತು ಕವರ್ ಒಡೆಯಿರಿ. ಒಬ್ಬರು ಕವರಿನ ಮೇಲಿನ ಹೆಸರು ಓದಲಿ, ಒಬ್ಬರು ದುಡ್ಡು ಹೇಳಲಿ, ಒಬ್ಬರು ಬರೆಯಲಿ. ಬರೆದ ಮೇಲೆ ಆ ಮೊತ್ತವನ್ನು ಕವರಿನ ಮೇಲೂ ಹಾಕಿ, ಖಾಲಿ ಕವರನ್ನು ಕಂತೆ ಕಟ್ಟಿ ಒಂದು ತಿಂಗಳು ಇಟ್ಟುಕೊಳ್ಳಿ. ಖಾಲಿ ಕವರ್ ಸಿಕ್ಕಿದರೆ, ಅಂದರೆ ದುಡ್ಡು ಹಾಕಲು ಮರೆತಿದ್ದರೆ, ಹೆಸರು ಮಾತ್ರ ಬರೆದು ಬಿಟ್ಟುಬಿಡಿ. ಫೋನ್ ಮಾಡಿ ಕೇಳಬೇಡಿ.

ಪ್ರತಿ ಪುಟದ ಫೋಟೋ ತೆಗೆದು ಇಬ್ಬರ ಫೋನಿನಲ್ಲಿ ಇಡಿ. ಯುಪಿಐನಲ್ಲಿ ಬಂದದ್ದನ್ನೂ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಅದೇ ಪುಸ್ತಕಕ್ಕೆ ಸೇರಿಸಿ, ಬಿಟ್ಟುಹೋಗುವುದು ಹೆಚ್ಚಾಗಿ ಅದೇ.

9. ಕಾನೂನು ಕೇಳುವ ಪಟ್ಟಿ ಬರೆಯಿರಿ

ಮುಯ್ಯಿ ಪುಸ್ತಕ ನಮ್ಮ ಪದ್ಧತಿ. ಆದರೆ ಉಡುಗೊರೆ ಪಟ್ಟಿ ಬರೆಯಬೇಕು ಅಂತ ಕಾನೂನೇ ಹೇಳುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಕಾಯ್ದೆಯಲ್ಲಿರುವ ಶಿಕ್ಷೆ ಕನಿಷ್ಠ 5 ವರ್ಷ ಜೈಲು, ಜೊತೆಗೆ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಯಾವುದು ಜಾಸ್ತಿಯೋ ಅದಕ್ಕಿಂತ ಕಡಿಮೆಯಿಲ್ಲದ ದಂಡ. ಯಾರೂ ಕೇಳದೆ, ಪ್ರೀತಿಯಿಂದ ವಧು ವರರಿಗೆ ಕೊಟ್ಟ ಉಡುಗೊರೆ ಇದರಿಂದ ಹೊರಗೆ. ಆದರೆ ಅದಕ್ಕೆ ಷರತ್ತು ಇದೆ: ಆ ಉಡುಗೊರೆ ಪಟ್ಟಿಯಲ್ಲಿ ಇರಬೇಕು. ಹೆಣ್ಣಿನ ಕಡೆಯವರು ಕೊಟ್ಟದ್ದಾದರೆ ಅದು ರೂಢಿಗೆ ತಕ್ಕಂತೆ ಇರಬೇಕು, ಕೊಟ್ಟವರ ಶಕ್ತಿ ಮೀರಿ ಇರಬಾರದು. ಮುಸ್ಲಿಂ ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡುವ ಮಹರ್ ಈ ಕಾಯ್ದೆಯ ವರದಕ್ಷಿಣೆಯಲ್ಲಿ ಸೇರುವುದಿಲ್ಲ. ಉಳಿದಂತೆ ಪಟ್ಟಿಯ ನಿಯಮ ಎಲ್ಲ ಧರ್ಮದವರಿಗೂ ಒಂದೇ.

ಈ ಪಟ್ಟಿಯ ನಿಯಮಗಳು 1985ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಮಾಡುವುದು ಸುಲಭ:

ವಧುವಿಗೆ ಬಂದದ್ದಕ್ಕೆ ಒಂದು ಪಟ್ಟಿ, ಅದು ವಧುವಿನ ಹತ್ತಿರ ಇರಬೇಕು. ವರನಿಗೆ ಬಂದದ್ದಕ್ಕೆ ಬೇರೆ ಪಟ್ಟಿ, ಅದು ವರನ ಹತ್ತಿರ. ಮದುವೆಯ ಸಮಯದಲ್ಲೇ ಅಥವಾ ಆದಷ್ಟು ಬೇಗ ಬರೆಯಬೇಕು. ಪ್ರತಿ ಉಡುಗೊರೆಯ ಚಿಕ್ಕ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಏನು ಸಂಬಂಧ, ಇಷ್ಟು ಇರಬೇಕು. ಎರಡೂ ಪಟ್ಟಿಗೆ ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕು. ಇದಕ್ಕೆ ಛಾಪಾ ಕಾಗದ ಬೇಕಿಲ್ಲ, ಸಾಮಾನ್ಯ ಹಾಳೆ ಸಾಕು. ಏಳನೇ ಹಂತದಲ್ಲಿ ಪುಸ್ತಕ ಸರಿಯಾಗಿ ಬರೆದಿದ್ದರೆ ಇದು ಒಂದು ಗಂಟೆಯ ಕೆಲಸ, ಅದರಿಂದಲೇ ಎತ್ತಿ ಬರೆದರೆ ಆಯಿತು.

"ಮದುವೆಯಾದ ತಕ್ಷಣ ಪಟ್ಟಿ ಅಂದರೆ ಬೀಗರು ಏನಂದುಕೊಳ್ಳುತ್ತಾರೆ?" ಅಂತ ಹೆಣ್ಣು ಹೆತ್ತವರು ಹಿಂಜರಿಯುತ್ತಾರೆ. ನಿಶ್ಚಿತಾರ್ಥದ ದಿನವೇ, ಎಲ್ಲರೂ ಖುಷಿಯಲ್ಲಿ ಇರುವಾಗ, ಎರಡೂ ಕಡೆಯ ಪಟ್ಟಿ ಬರೆಯೋಣ ಅಂತ ಹೇಳಿಡಿ. ಇಬ್ಬರಿಗೂ ಒಂದೇ ನಿಯಮ ಅಂದಾಗ ಯಾರಿಗೂ ಬೇಜಾರಾಗುವುದಿಲ್ಲ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಕೇಳಿ ಪಡೆದದ್ದನ್ನು ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಅದು ಉಡುಗೊರೆ ಆಗುವುದಿಲ್ಲ. "ನಾವೇನೂ ಕೇಳಲ್ಲ, ನಿಮ್ಮ ಮಗಳಿಗೆ ನೀವು ಹಾಕೋದು ನಿಮಗೇ ಬಿಟ್ಟಿದ್ದು" ಅಂತ ಶುರುವಾಗಿ ಕಾರಿನ ಬಣ್ಣದವರೆಗೆ ಹೋಗುವ ಮಾತುಕತೆ ಕೂಡ ಕೇಳುವುದೇ. ಅಂಥ ಒತ್ತಡ ಬಂದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು.

10. ಯಾರದು ಯಾರಿಗೆ ಅಂತ ಬೇರೆ ಮಾಡಿ

ಹೆಣ್ಣಿಗೆ ಅಂತ ಬಂದ ಒಡವೆ, ದುಡ್ಡು, ಬೆಳ್ಳಿ ಎಲ್ಲವೂ ಅವಳ ಸ್ತ್ರೀಧನ. ತವರಿನವರು ಕೊಟ್ಟಿರಲಿ, ಗಂಡನ ಕಡೆಯವರು ಹಾಕಿರಲಿ, ಗೆಳತಿಯರು ಕೊಟ್ಟಿರಲಿ, ಅದು ಅವಳದೇ. 1985ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಸ್ತ್ರೀಧನದ ಪೂರ್ತಿ ಹಕ್ಕು ಹೆಂಡತಿಯದು, ಗಂಡನ ಮನೆಯವರ ಹತ್ತಿರ ಇದ್ದರೆ ಅವರು ಅದನ್ನು ಕಾಯುವವರು ಮಾತ್ರ, ಕೇಳಿದಾಗ ಕೊಡದಿದ್ದರೆ ನಂಬಿಕೆ ದ್ರೋಹದ ಅಪರಾಧ ಆಗಬಹುದು. ಇನ್ನು, ವರದಕ್ಷಿಣೆಯಾಗಿ ಬಂದದ್ದು ಬೇರೆ ಯಾರ ಕೈಯಲ್ಲಿದ್ದರೂ, ಮದುವೆಗೆ ಮುಂಚೆ ಬಂದಿದ್ದರೆ ಮದುವೆಯಾದ ಮೂರು ತಿಂಗಳೊಳಗೆ, ಮದುವೆಯಲ್ಲಿ ಅಥವಾ ಆಮೇಲೆ ಬಂದಿದ್ದರೆ ಕೈಗೆ ಬಂದ ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು ಅಂತ 1961ರ ಕಾಯ್ದೆಯೇ ಹೇಳುತ್ತದೆ.

ಹಾಗಾಗಿ ಲಾಕರ್ ತೆಗೆಯುವಾಗ ಅವಳ ಹೆಸರಿನಲ್ಲೋ, ಅವಳ ಹೆಸರೂ ಸೇರಿದ ಜಂಟಿ ಖಾತೆಯಲ್ಲೋ ತೆಗೆಯಿರಿ. "ಮನೆಯಲ್ಲೇ ಇರಲಿ, ಅತ್ತೆ ನೋಡಿಕೊಳ್ಳುತ್ತಾರೆ" ಅಂತ ಎಲ್ಲ ಒಪ್ಪಿಸಿಬಿಡುವುದು ನಮ್ಮಲ್ಲಿ ಸಹಜ. ಒಪ್ಪಿಸಿ, ತಪ್ಪಿಲ್ಲ. ಆದರೆ ಒಪ್ಪಿಸುವ ಮುಂಚೆ ಪ್ರತಿ ಒಡವೆಯ ಫೋಟೋ ತೆಗೆದು, ತೂಕ ಬರೆದು, ಬಿಲ್ಲಿನ ನಕಲಿನ ಜೊತೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮದುವೆ ಖರ್ಚಿನ ಬಾಕಿ ತೀರಿಸಲು ಹುಡುಗಿಯ ಕೈಗೆ ಬಂದ ಕವರಿನ ದುಡ್ಡು ತೆಗೆಯುವ ಮುಂಚೆ ಅವಳನ್ನು ಕೇಳಿ. ಅಪ್ಪ ಅಮ್ಮ ಆದರೂ ಕೇಳಿ.

11. ತೆರಿಗೆ ಲೆಕ್ಕ

ಮದುವೆಯ ಸಂದರ್ಭದಲ್ಲಿ ಗಂಡಿಗೆ ಅಥವಾ ಹೆಣ್ಣಿಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ನೆಂಟರು ಕೊಟ್ಟರೂ, ಸ್ನೇಹಿತರು ಕೊಟ್ಟರೂ, ದುಡ್ಡಾದರೂ, ಒಡವೆಯಾದರೂ, ಸೈಟಾದರೂ ಇಲ್ಲ, ಇಷ್ಟೇ ಅಂತ ಮಿತಿಯೂ ಇಲ್ಲ. ಆದರೆ ನಾಲ್ಕು ಕಡೆ ಜನ ಎಡವುತ್ತಾರೆ.

ಒಂದು, ಈ ವಿನಾಯಿತಿ ಮದುವೆಯಾಗುವ ಇಬ್ಬರಿಗೆ ಮಾತ್ರ. ಮಗಳ ಮದುವೆಗೆ ಅಂತ ಅಪ್ಪನ ಖಾತೆಗೆ ಸ್ನೇಹಿತರು ಹಾಕಿದ ದುಡ್ಡು ಅಪ್ಪನ ಲೆಕ್ಕಕ್ಕೆ ಬರುತ್ತದೆ. ನೆಂಟರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ಹಾಗಾಗಿ ಕ್ಯೂಆರ್ ಕೋಡ್ ಇಡುವುದಾದರೆ ಗಂಡು ಹೆಣ್ಣಿನದೇ ಇಡಿ.

ಎರಡು, ನಗದು. ಒಂದೇ ಕಾರ್ಯಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳಬಾರದು ಅಂತ 2017ರ ಏಪ್ರಿಲ್ 1ರಿಂದ ನಿಯಮ ಇದೆ. ಮೀರಿದರೆ ಪಡೆದಷ್ಟೇ ದಂಡ, ಅದೂ ಪಡೆದವರಿಗೆ. ಇವತ್ತು ಒಂದು ಲಕ್ಷ, ನಾಳೆ ಒಂದು ಲಕ್ಷ ಅಂತ ಒಡೆದರೂ ಕಾರ್ಯ ಒಂದೇ ಆದ್ದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಸೋದರಮಾವ ದೊಡ್ಡ ಮೊತ್ತ ಕೊಡುತ್ತೇನೆ ಅಂದರೆ ಬ್ಯಾಂಕಿನ ಮೂಲಕ ಕೊಡಲು ಹೇಳಿ.

ಮೂರು, ಉಡುಗೊರೆಗೆ ತೆರಿಗೆ ಇಲ್ಲ, ಆದರೆ ಆ ದುಡ್ಡನ್ನು ಠೇವಣಿ ಇಟ್ಟಾಗ ಬರುವ ಬಡ್ಡಿ ಆದಾಯವೇ, ಅದಕ್ಕೆ ವಿನಾಯಿತಿ ಇಲ್ಲ. ನಾಲ್ಕು, ಮದುವೆಯ ವಾರ್ಷಿಕೋತ್ಸವ, ಗೃಹಪ್ರವೇಶ, ಹುಟ್ಟುಹಬ್ಬ ಇವು ಈ ವಿನಾಯಿತಿಯಲ್ಲಿ ಬರುವುದಿಲ್ಲ.

ಮದುವೆಯಾದ ಮೇಲೆ ಬ್ಯಾಂಕಿಗೆ ಒಂದೇ ಸಲ ದೊಡ್ಡ ನಗದು ಕಟ್ಟಿದ್ದಕ್ಕೆ ಇಲಾಖೆಯವರು ಎಲ್ಲಿಂದ ಬಂತು ಅಂತ ಕೇಳಿದರೆ ತೋರಿಸಲಿಕ್ಕೆ ನಿಮ್ಮ ಹತ್ತಿರ ಇರುವುದು ಆ ಪುಸ್ತಕ, ಪಟ್ಟಿ ಮತ್ತು ಕರೆಯೋಲೆ. ಒಂದು ಕರೆಯೋಲೆಯನ್ನು ಪುಸ್ತಕದ ಒಳರಟ್ಟಿಗೆ ಅಂಟಿಸಿಡಿ. ಸರ್ಕಾರಿ ನೌಕರರಾಗಿದ್ದರೆ ಮಿತಿ ದಾಟಿದ ಉಡುಗೊರೆಯನ್ನು ಇಲಾಖೆಗೆ ತಿಳಿಸುವ ನಿಯಮವೂ ಇರುತ್ತದೆ, ನಿಮ್ಮ ಕಚೇರಿಯಲ್ಲಿ ಕೇಳಿಕೊಳ್ಳಿ.

12. ಫೋನ್ ಮಾಡಿ, ಪುಸ್ತಕ ಎತ್ತಿಡಿ

ಒಂದು ತಿಂಗಳೊಳಗೆ ಪುಸ್ತಕ ಮುಂದಿಟ್ಟುಕೊಂಡು ಗಂಡು ಹೆಣ್ಣು ಇಬ್ಬರೂ ಫೋನ್ ಮಾಡಲಿ, ದಿನಕ್ಕೆ ಹತ್ತು ಜನಕ್ಕೆ. ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿದರೆ ಅದು ಯಾರಿಗೂ ತಟ್ಟುವುದಿಲ್ಲ. "ಅತ್ತೆ, ನೀವು ಕೊಟ್ಟ ಕುಂಕುಮದ ಬಟ್ಟಲು ದೇವರ ಮುಂದೆ ಇಟ್ಟಿದ್ದೀನಿ" ಅಂತ ವಸ್ತುವಿನ ಹೆಸರು ಹಿಡಿದು ಹೇಳಿ, ಎರಡು ನಿಮಿಷ ಸಾಕು. ಮದುವೆಗೆ ಬರಲಾಗದೆ ಬೇರೆಯವರ ಕೈಲಿ ಕಳಿಸಿದವರಿಗೆ ಮೊದಲು ಮಾಡಿ, ತಲುಪಿತೋ ಇಲ್ಲವೋ ಅಂತ ಅವರು ಕಾಯುತ್ತಿರುತ್ತಾರೆ.

ಎರಡೆರಡು ಬಂದ ಕುಕ್ಕರ್, ಗಡಿಯಾರವನ್ನು ಬೇರೆಯವರಿಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಡಬ್ಬ ಬಿಚ್ಚಿ ಒಳಗೆ ಹೆಸರಿನ ಚೀಟಿ ಇದೆಯಾ ನೋಡಿ, ಮತ್ತು ಕೊಟ್ಟವರ ಬಳಗದೊಳಗೇ ಅದು ತಿರುಗಿ ಹೋಗದ ಹಾಗೆ ನೋಡಿಕೊಳ್ಳಿ.

ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಡವೆ ಬಿಲ್ಲು, ಸಹಿ ಹಾಕಿದ ಪಟ್ಟಿ, ಮದುವೆ ನೋಂದಣಿ ಪತ್ರದ ಜೊತೆ ಒಂದೇ ಕಡೆ ಇಡಿ. ಕೊನೆಯ ಹತ್ತು ಪುಟ ಖಾಲಿ ಬಿಟ್ಟಿರಿ. ಮುಂದೆ ನೀವು ಯಾರ ಮದುವೆಗೆ ಹೋಗಿ ಏನು ಹಾಕಿದಿರಿ ಅನ್ನುವುದನ್ನು ಆ ಪುಟಗಳಲ್ಲಿ ತಾರೀಖಿನ ಜೊತೆ ಬರೆಯುತ್ತಾ ಹೋಗಿ.